ಎರಡು ಕಲ್ಲುಗಳು

ಬೆಳ್ತಂಗಡಿ ಪೇಟೆಗೆ ಹೊಂದಿಕೊಂಡಿರುವ ಲಾಯಿಲವು ಚಿಕ್ಕ ಊರು. ಆದರೆ ಅದರ ನೆರೆಯಲ್ಲಿ ನೋಡತಕ್ಕ ತಾಣಗಳಿಗೆ ಕೊರತೆಯಿಲ್ಲ.

ಪಶ್ಚಿಮಘಟ್ಟದ ಸಾಲಿನ ಮುಂದೆ ಒಂಟಿಯಾಗಿ ತಲೆಯೆತ್ತಿ ನಿಂತಿದೆ ಗಡಾಯಿಕಲ್ಲು. ಹಿಂದೆ ನರಸಿಂಹಗಡವೆನಿಸಿದ್ದ ಈ ಹೆಬ್ಬಂಡೆಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ಅದನ್ನು ಜಮಾಲಾಬಾದ್ ಎಂದು ಕರೆದನು. ಮೇಲೇರಲು ಬಂಡೆಯಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಿಲುಗಳ ದಾರಿಯೊಂದೇ. ಕೆಲವೇ ಕಾವಲುಗಾರರು ದೊಡ್ಡ ಸೇನೆಯನ್ನು ತಡೆಯಬಹುದಾಗಿದ್ದ ನೆಲೆಯದು. ಆದರೂ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅದು ಆಂಗ್ಲರ ವಶವಾಯಿತು. ಇಂದು ಅಲ್ಲಿ ಉಳಿದಿರುವುದು ಮುರಿದ ಗೋಡೆಗಳು, ಮಳೆನೀರಿನ ಕೊಳ ಮತ್ತು ಬೀಸುವ ಗಾಳಿ.

ಇದೇ ತಾಲೂಕಿನ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಮತ್ತೊಂದು ಕಲ್ಲು ನಿಂತಿದೆ. 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಬಾಹುಬಲಿಯ ಏಕಶಿಲಾ ವಿಗ್ರಹವದು. ಗೆದ್ದ ರಾಜ್ಯವನ್ನು ತೊರೆದು ಹೋದವನಿಗೆ ಜನರು ಇಂದಿಗೂ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕವನ್ನು ನೆರವೇರಿಸುತ್ತಾರೆ.

ಒಂದು ಕಲ್ಲು ರಾಜ್ಯವನ್ನು ಕಾಯಲು ನಿಂತಿತು. ಇನ್ನೊಂದು ತ್ಯಾಗವನ್ನು ಸಾರಲು. ಇವನ್ನು ನೋಡಹೋಗುವವರು ಕಲ್ಲಿನ ಮೇಲೆ ತಮ್ಮ ಹೆಸರನ್ನು ಗೀಚದೆ ಮರಳುವುದು ಲೇಸು. ಸುಲ್ತಾನನ ಕೋಟೆಯನ್ನೇ ಉಳಿಸಿಕೊಳ್ಳದ ಬಂಡೆಯು ಗೀಚಿದವನ ಕೀರ್ತಿಯನ್ನು ಉಳಿಸೀತೇ?