ಮಾತಿಲ್ಲದ ಬಸ್ ಸ್ಟಾಪು

ಫಿನ್‌ಲೆಂಡಿನ ಎಸ್ಪೋದಲ್ಲಿ ಬಸ್ಸಿಗೆ ಕಾಯ್ತಾ ನಿಂತಿದೀನಿ. ಐದಾರು ಜನ, ಒಬ್ಬರಿಂದೊಬ್ಬರು ಮಾರು ದೂರ, ಒಂದು ಮಾತಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಲ್ಲಾಗಿದ್ರೆ ಇಷ್ಟೊತ್ತಿಗೆ 'ಯಾವೂರಾಯ್ತು, ಯಾರ ಪೈಕಿ' ಅಂತ ಶುರುವಾಗಿ ಅಡಿಕೆ ರೇಟಿನವರೆಗೂ ಬಂದಿರ್ತಿತ್ತು.

56 ಲಕ್ಷ ಜನಕ್ಕೆ ಸುಮಾರು 30 ಲಕ್ಷ ಸೌನಾ, ಅಂದ್ರೆ ಹಬೆಸ್ನಾನದ ಕೋಣೆಗಳು, ಇರೋ ದೇಶ ಇದು. ಬಸ್ಸಲ್ಲಿ ತಲೆ ಎತ್ತದವರೂ ಆ ಬಿಸಿ ಹಬೆಯಲ್ಲಿ ಪಕ್ಕಪಕ್ಕ ಕೂತಾಗ ಮನಸ್ಸು ಬಿಚ್ಚಿ ಮಾತಾಡ್ತಾರೆ. ಇನ್ನೊಬ್ಬರನ್ನ ಅವರ ಪಾಡಿಗೆ ಬಿಡೋದು ಇಲ್ಲಿ ಮರ್ಯಾದೆ, ಅದು ನನಗೀಗ ಹಿಡಿಸಿದೆ. ಶಾಲೇಲಿ ಮಕ್ಕಳು ಟೀಚರನ್ನ ಹೆಸರು ಹಿಡಿದು ಕರೆಯೋದಕ್ಕೆ ಮಾತ್ರ ಕಿವಿ ಇನ್ನೂ ಒಗ್ಗಿಲ್ಲ.

ಹೊರದೇಶದಲ್ಲಿರೋ ತುಮಕೂರು, ಕುಣಿಗಲ್ ಕಡೆಯವರೇ, ನಿಮಗೆ ಯಾವುದಕ್ಕೆ ಒಗ್ಗೋಕೆ ಕಷ್ಟ ಆಯ್ತು? ಹೇಳಿ.