ನಾಲ್ಕು ಪಿಕ್ಸೆಲ್ ಬದು

ಹೊಸತೊಡಕಿನ ಊಟ ಮುಗಿಯುವವರೆಗೂ ಚಿಕ್ಕಪ್ಪ ಸುಮ್ಮನಿದ್ದ. ಕೈ ತೊಳೆದು ಬಂದು ಕೇಳಿದ: "ಅವ್ವಾ, ನೀನು ಓದ್ತಿರೋದು ನಕ್ಷೆ ವಿಷ್ಯಾನೇ ಅಲ್ವಾ?"

ಅಲ್ಲ ಅನ್ನುವಂತಿಲ್ಲ, ಹೌದು ಅನ್ನಲೂ ಧೈರ್ಯ ಸಾಲಲಿಲ್ಲ. ನನ್ನ ಪಿಎಚ್‌ಡಿ ಕಂಪ್ಯೂಟರ್ ವಿಜ್ಞಾನದಲ್ಲಿ. ಒಂದು ಚಿತ್ರವನ್ನು ಎಳೆದು, ತಿರುಗಿಸಿ, ಬಗ್ಗಿಸಿ ಇನ್ನೊಂದರ ಮೇಲೆ ಕೂರಿಸುವುದು ಹೇಗೆ ಎಂಬುದು ಅದರ ವಿಷಯ. ಹಳೆಯ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸುವುದು ಅದರ ಒಂದು ಅಧ್ಯಾಯ. ಅಕ್ಕೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. "ಕಂಪ್ಯೂಟರ್ ಓದ್ತಾವಳೆ" ಎನ್ನುವಲ್ಲಿಗೆ ಎಲ್ಲರಿಗೂ ಸಾಕಾಗಿತ್ತು.

ಚಿಕ್ಕಪ್ಪ ಟ್ರಂಕಿನಿಂದ ಸುರುಳಿ ಸುತ್ತಿದ ಗ್ರಾಮನಕ್ಷೆಯ ಪ್ರತಿ ತೆಗೆದ. ನಮ್ಮ ಹಿಪ್ಪುನೇರಳೆ ತೋಟಕ್ಕೂ ಪಕ್ಕದ ರಾಗಿ ಹೊಲಕ್ಕೂ ನಡುವಿನ ಬದುವಿನ ಮೇಲೆ ಮೂರು ತೆಂಗಿನ ಮರಗಳಿವೆ. ಯಾರೋ ಹುಡುಗ ಫೋನಿನ ಆ್ಯಪ್ ಹಿಡಿದು ಬದುವಿನ ಮೇಲೆ ಓಡಾಡಿ, ಗೆರೆ ಒಂಬತ್ತು ಅಡಿ ಆಚೆಗಿದೆ, ಮರಗಳು ಪೂರ್ತಿ ನಮ್ಮವೇ ಎಂದು ಹೇಳಿಬಿಟ್ಟಿದ್ದ. ಫೋನಿನ ಜಿಪಿಎಸ್ ಬಯಲಿನಲ್ಲೂ ಮೂರ್ನಾಲ್ಕು ಮೀಟರ್ ಆಚೀಚೆ ಆಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೋ, ಹೇಳಲಿಲ್ಲವೋ. ಪಕ್ಕದ ಹೊಲದವರನ್ನು ನಾನು ಹುಟ್ಟಿದಾಗಿನಿಂದ ಮಾವ ಎಂದೇ ಕರೆಯುವುದು. ನಾಟಿಗೆ, ಕಣಕ್ಕೆ ಎರಡೂ ಮನೆಯವರು ಮುಯ್ಯಾಳು ಹೋಗುತ್ತಿದ್ದವರು. ಈಗ ಮಾತು ನಿಂತು ಎಂಟು ತಿಂಗಳಾಗಿತ್ತು.

"ಕಂಪ್ಯೂಟರ್‌ನಲ್ಲಿ ಸರಿಯಾಗಿ ಕೂರ್ಸಿ ತೋರ್ಸವ್ವ. ಸಾಕು ನಂಗೆ."

ಬೆಂಗಳೂರಿಗೆ ಬಂದು ನಕ್ಷೆಯನ್ನು ಸ್ಕ್ಯಾನ್ ಮಾಡಿದೆ. ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳ ಚೌಕಳಿ. ಪ್ರತಿ ಚೌಕಕ್ಕೂ ಒಂದು ಅಡ್ಡದ ಅಂಕಿ, ಒಂದು ಉದ್ದದ ಅಂಕಿ. ಚಿತ್ರ ಬಗ್ಗಿಸುವುದೆಂದರೆ ಈ ವಿಳಾಸಗಳನ್ನು ಬದಲಿಸುವುದು, ಅಷ್ಟೇ. ಆದರೆ ಇದನ್ನು ಮೊದಲ ಸಲ ಕೋಡ್ ಬರೆಯುವ ಎಲ್ಲರೂ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೆ: ಹಳೆಯ ಚಿತ್ರದ ಒಂದೊಂದೇ ಪಿಕ್ಸೆಲ್ ಎತ್ತಿ ಹೊಸ ಜಾಗಕ್ಕೆ ಎಸೆಯುವುದು. ಆಗ ಹೊಸ ಚಿತ್ರದ ತುಂಬ ಕಪ್ಪು ತೂತುಗಳು. ರಾಗಿ ಪೈರನ್ನು ಮಡಿಯಲ್ಲಿ ನಿಂತು ಹೊಲಕ್ಕೆ ಎಸೆದ ಹಾಗೆ. ಒಂದು ಕಡೆ ಎರಡು ಬೀಳುತ್ತವೆ, ಇನ್ನೊಂದು ಕಡೆ ಏನೂ ಇಲ್ಲ. ಸರಿಯಾದ ದಾರಿ ತಿರುಗುಮುರುಗು. ಹೊಸ ಹೊಲದ ಪ್ರತಿ ಗುಳಿಯ ಹತ್ತಿರ ನಿಂತು, ಇಲ್ಲಿಗೆ ಬರಬೇಕಾದದ್ದು ಹಳೆಯದರಲ್ಲಿ ಎಲ್ಲಿತ್ತು ಎಂದು ಕೇಳಬೇಕು. ಉತ್ತರ ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದರೆ ಸುತ್ತಲ ನಾಲ್ಕರಿಂದಲೂ ಹತ್ತಿರಕ್ಕೆ ತಕ್ಕಂತೆ ಪಾಲು ತೆಗೆದುಕೊಳ್ಳಬೇಕು. ಓಪನ್‌ಸಿವಿಯಲ್ಲಿ ಇದು ಒಂದೇ ಸಾಲು.

ಕಷ್ಟ ಆ ಸಾಲಿನಲ್ಲಿಲ್ಲ. 'ಎಲ್ಲಿತ್ತು' ಎಂದು ಹೇಳುವ ಸೂತ್ರ ಯಾವುದು ಎಂಬುದರಲ್ಲಿದೆ. ಎಳೆಯುವುದು, ತಿರುಗಿಸುವುದು, ಸರಿಸುವುದು, ಓರೆ ಮಾಡುವುದು ಮಾತ್ರ ಇದ್ದರೆ ಆರು ಅಂಕಿ ಸಾಕು. ಆರು ಅಂಕಿ ಕಂಡುಹಿಡಿಯಲು ನಕ್ಷೆಯಲ್ಲೂ ನೆಲದಲ್ಲೂ ಗುರುತು ಸಿಗುವ ಮೂರು ಜಾಗ ಸಾಕು. ನಾನು ಒಂಬತ್ತು ಹುಡುಕಿದೆ: ಮೂರು ಊರುಗಳ ಗಡಿ ಸೇರುವ ಕಲ್ಲು, ಕೆರೆ ಏರಿಯ ಎರಡು ತುದಿ, ದಾರಿ ಕವಲೊಡೆಯುವಲ್ಲಿ, ಅರಳಿಕಟ್ಟೆಯ ಮೂಲೆ, ಹೀಗೆ. ಒಂಬತ್ತನ್ನೂ ಒಟ್ಟಿಗೆ ಮೆಚ್ಚಿಸುವ ಆರು ಅಂಕಿ ಇರಲಿಲ್ಲ. ಸರಾಸರಿ ಹದಿನೆಂಟು ಅಡಿ ತಪ್ಪು ಉಳಿಯಿತು. ಕಾಗದ ಕುಗ್ಗಿದೆ, ಹಿಗ್ಗಿದೆ, ಪ್ರತಿಯ ಪ್ರತಿ ಆಗಿದೆ.

ಆ ತಪ್ಪನ್ನು ಸೊನ್ನೆ ಮಾಡುವ ವಿದ್ಯೆಯೂ ಇದೆ. ತೆಳು ತಗಡನ್ನು ಮೊಳೆಗಳ ಮೇಲೆ ಬಗ್ಗಿಸಿದಂತೆ, ಗೊತ್ತಿರುವ ಎಲ್ಲ ಬಿಂದುಗಳನ್ನೂ ಹಾದುಹೋಗುವಂತೆ ಚಿತ್ರವನ್ನು ಬಾಗಿಸುವುದು. ಜೀವಿಗಳ ಆಕಾರ ಹೋಲಿಸಲು ಫ್ರೆಡ್ ಬುಕ್‌ಸ್ಟೈನ್ 1989ರಲ್ಲಿ ಇದನ್ನು ಬಳಸಿ ತೋರಿಸಿದ. ಅದಕ್ಕೂ ಮುಂಚೆ, 1917ರಲ್ಲೇ, ಡಾರ್ಸಿ ಥಾಂಪ್ಸನ್ ಕಂಪ್ಯೂಟರಿಲ್ಲದೆ ಬರೀ ಚೌಕಳಿ ಗೆರೆಗಳನ್ನು ಬಾಗಿಸಿ ಒಂದು ಮೀನನ್ನು ಇನ್ನೊಂದು ಮೀನಾಗಿಸಿದ್ದ. (ಆ ಚಿತ್ರಗಳನ್ನು ನೋಡಿಯೇ ನಾನು ಈ ವಿಷಯಕ್ಕೆ ಬಿದ್ದದ್ದು.) ನಾನೂ ತಗಡು ಬಗ್ಗಿಸಿದೆ. ಒಂಬತ್ತೂ ಬಿಂದು ಕರಾರುವಾಕ್ಕಾಗಿ ಕೂತವು. ತಪ್ಪು ಸೊನ್ನೆ. ಬದುವಿನ ಗೆರೆ ಮರಗಳ ಆಚೆಗೆ ಬಿತ್ತು. ನಿಜ ಹೇಳುತ್ತೇನೆ, ಖುಷಿಯಾಯಿತು. ಆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಲು ನಂಬರ್ ಒತ್ತಿಯೂ ಬಿಟ್ಟಿದ್ದೆ. ಎತ್ತುವ ಮುಂಚೆ ಕಡಿದೆ.

ಯಾಕೆಂದರೆ ಆ ಸೊನ್ನೆ ನನ್ನ ಸಾಧನೆಯಲ್ಲ. ಆ ಸೂತ್ರ ಯಾವ ಬಿಂದು ಕೊಟ್ಟರೂ ಸೊನ್ನೆಯನ್ನೇ ಕೊಡುತ್ತದೆ. ನಾನು ಅರಳಿಕಟ್ಟೆಯನ್ನು ತಪ್ಪಾಗಿ ಗುರುತಿಸಿದ್ದರೂ ಅದಕ್ಕೂ ಊರನ್ನೇ ಬಾಗಿಸಿ ಸೊನ್ನೆ ತೋರಿಸುತ್ತದೆ. ಕಟ್ಟೆಯೊಂದನ್ನು ಬಿಟ್ಟು ಮತ್ತೆ ಓಡಿಸಿದೆ. ಮರಗಳು ಮಾವನ ಪಾಲಾದವು.

ಆಮೇಲೆ ಮೊದಲೇ ಮಾಡಬೇಕಿದ್ದ ಲೆಕ್ಕ ಹಾಕಿದೆ. ನಕ್ಷೆಯ ಅಳತೆ ಇಂಚಿಗೆ 20 ಸರಪಳಿ, ಅಂದರೆ 660 ಅಡಿ. ಇಂಚಿಗೆ 300ರಂತೆ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ 2.2 ಅಡಿ. ಎಂಟು ತಿಂಗಳು ಮಾತು ನಿಲ್ಲಿಸಿದ ಒಂಬತ್ತು ಅಡಿ ಅಂದರೆ ನಾಲ್ಕು ಪಿಕ್ಸೆಲ್. ನಕ್ಷೆಯಲ್ಲಿ ಆ ಗಡಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದೆ. ನೆಲದ ಮೇಲೆ ಅದು ಹದಿಮೂರು ಅಡಿ. ಜಗಳ ಪೂರ್ತಿ ಶಾಯಿಯ ಒಳಗೇ ಇತ್ತು.

ಮುಂದಿನ ಭಾನುವಾರ ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗಿ ಲ್ಯಾಪ್‌ಟಾಪ್ ಜಗಲಿಯ ಮೇಲಿಟ್ಟೆ. ಎರಡೂ ಚಿತ್ರ ತೋರಿಸಿದೆ. ಚಿಕ್ಕಪ್ಪ ಬಹಳ ಹೊತ್ತು ನೋಡಿದ.

"ಎರಡೂ ನೀನೇ ಮಾಡಿದ್ದಾ?"

"ಹೂಂ. ಒಂದೇ ನಕ್ಷೆಯಿಂದ."

"ಹಂಗಾದ್ರೆ ಅವ್ರ ಮಗ ಕಂಪ್ಯೂಟರ್ ಓದಿದ್ರೆ ಎರಡ್ನೇದು ತೋರ್ಸೋನು."

ನನ್ನ ಮಾರ್ಗದರ್ಶಕರು ಮೂರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾದ ಮಾತು ಹೇಳಿಲ್ಲ. ನಾನು ಟಿಪ್ಪಣಿಯ ವಿಷಯ ತೆಗೆದೆ. ಸರ್ವೆ ದಾಖಲೆಯಲ್ಲಿ ಗೆರೆಗಿಂತ ಮುಂಚೆ ಅಳತೆ ಇರುತ್ತದೆ. ಆಗಿನವರು ಹೊಲದಲ್ಲಿ ಸರಪಳಿ ಹಿಡಿದು ಅಳೆದು ಸರಪಳಿ, ಆಣೆ ಲೆಕ್ಕದಲ್ಲಿ ಬರೆದಿಟ್ಟದ್ದು. ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ. ಆಣೆ ಎರಡಡಿಗೆ ತುಸು ಹೆಚ್ಚು, ನನ್ನ ಪಿಕ್ಸೆಲ್ ಇದ್ದಷ್ಟೇ. ಆದರೆ ಅದು ಕಾಗದದ ಮೇಲಿನಿಂದ ಊಹಿಸಿದ್ದಲ್ಲ, ನೆಲದ ಮೇಲೆ ಬಗ್ಗಿ ಓದಿದ್ದು.

ಹದ್ದುಬಸ್ತಿಗೆ ಅರ್ಜಿ ಹಾಕಿದ್ದೇವೆ. ನೋಟಿಸು ಪಕ್ಕದವರಿಗೂ ಹೋಗುತ್ತದೆ ಎಂದಾಗ, ಅದು ಕೈಗೆ ಬರುವ ಮುಂಚೆ ತಾನೇ ಹೇಳಬೇಕು ಎಂದು ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿ ಹೊರಟ. ಮಾವ ಕೂರಲು ಹೇಳಿದರಂತೆ, ಕಾಫಿ ಕೊಡಲಿಲ್ಲವಂತೆ. ಸರ್ವೆಯವರು ಬರುವ ದಿನ ಇನ್ನೂ ಗೊತ್ತಾಗಿಲ್ಲ. ಮೂರು ಮರದ ಕಾಯಿಯನ್ನು ಇಬ್ಬರೂ ಕೀಳಿಸಿಲ್ಲ. ಒಣಗಿ ತಾವಾಗಿ ಬೀಳುತ್ತಿವೆ, ಕೆಲವು ಈ ಕಡೆ, ಕೆಲವು ಆ ಕಡೆ.