ಮನೆಯ ರಿಪೇರಿಯೂ ತಂದೆಯವರ ನೆನಪೂ

ಮನೆಯೆಂದ ಮೇಲೆ ಒಂದಿಲ್ಲೊಂದು ರಿಪೇರಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ, ಬೇಸಿಗೆಯಲ್ಲಿ ತಾರಸಿ ಬಿರಿಯುತ್ತದೆ, ನಲ್ಲಿಗಳಂತೂ ಕಾಲ ನೋಡುವುದಿಲ್ಲ. ನಾಗರಬಾವಿಯ ನಮ್ಮ ಮನೆಯಲ್ಲಿ ಈ ಕೆಲಸಗಳನ್ನೆಲ್ಲ ಇಪ್ಪತ್ತೇಳು ವರ್ಷ ನೋಡಿಕೊಂಡವರು ನಮ್ಮ ತೀರ್ಥರೂಪರು. ಅವರು 2022ರಲ್ಲಿ ಲಿಂಗೈಕ್ಯರಾದರು. ಊರಿನ ತೋಟದಲ್ಲಿ ಕ್ರಿಯಾಸಮಾಧಿಯಾಯಿತು, ಶಿವಗಣಾರಾಧನೆಯೂ ನಡೆಯಿತು. ಶರಣ ಸಂಪ್ರದಾಯದಲ್ಲಿ ಪಿಂಡಪ್ರದಾನ, ಶ್ರಾದ್ಧಗಳಿಲ್ಲ. ಪುಣ್ಯಸ್ಮರಣೆಯ ದಿನ ಜಂಗಮರಿಗೂ ಬಂಧುಗಳಿಗೂ ಪ್ರಸಾದದ ವ್ಯವಸ್ಥೆ ಮಾಡುತ್ತೇವೆ, ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಅವರ ನೆನಪು ಆ ದಿನವನ್ನು ಕಾದು ಕುಳಿತಿರುವುದಿಲ್ಲ. ಎಲ್ಲೋ ನೀರು ತೊಟ್ಟಿಕ್ಕಿದ ಸದ್ದಾದರೆ ಸಾಕು, ಬಂದುಬಿಡುತ್ತದೆ.

ನಾವು ಈ ಬಡಾವಣೆಗೆ ಬಂದದ್ದು 1995ರಲ್ಲಿ. ಜ್ಞಾನಭಾರತಿಯ ಕಡೆಗೆ ನೋಡಿದರೆ ಬರೀ ಮರಗಳು, ಮನೆಗಳ ನಡುವೆ ಖಾಲಿ ನಿವೇಶನಗಳು. ಬೆಂಗಳೂರಿಗೆ ಕಾವೇರಿ ನೀರು 1974ರಲ್ಲಿಯೇ ಬಂದಿದ್ದರೂ ನಮ್ಮ ರಸ್ತೆಗೆ ಆಗ ಬೋರ್‌ವೆಲ್ ನೀರೇ ಗತಿ. ನಲ್ಲಿ ಕೆಟ್ಟರೆ ವಿಜಯನಗರದವರೆಗೆ ಹೋಗಿ ಪ್ಲಂಬರನ್ನು ಹುಡುಕಿ ಕರೆತರಬೇಕು. ಅವನು ಇಂದು ಬರುತ್ತೇನೆಂದರೆ ನಾಡಿದ್ದು ಬರುವುದು. ಹೀಗಾಗಿ ಕಚೇರಿಯಲ್ಲಿ ಕಡತ ಬರೆಯುತ್ತಿದ್ದ ತಂದೆಯವರು ಎಸ್.ಜೆ.ಪಿ. ರಸ್ತೆಗೆ ಹೋಗಿ ಒಂದು ಇಕ್ಕಳ, ಒಂದು ಸುತ್ತಿಗೆ, ಎರಡು ಸ್ಪ್ಯಾನರ್ ಕೊಂಡು ತಂದರು. ಪೆಟ್ಟಿಗೆ ಅಲ್ಲಿಂದ ಬೆಳೆಯಿತು.

ನಲ್ಲಿ ತೊಟ್ಟಿಕ್ಕಿದಾಗ ನಾವೆಲ್ಲ ವಾಷರ್ ಹೋಗಿದೆ ಎನ್ನುತ್ತಿದ್ದೆವು. ಅವರು ಮಾತ್ರ ವಾಷರ್ ಬದಲಿಸುವ ಮೊದಲು ಕಿರುಬೆರಳನ್ನು ಒಳಗಿಟ್ಟು, ವಾಷರ್ ಕೂರುವ ಹಿತ್ತಾಳೆಯ ಅಂಚನ್ನು ಸವರಿ ನೋಡುತ್ತಿದ್ದರು. ಗಡಸು ನೀರಿನ ಸುಣ್ಣ ಅಲ್ಲಿ ಹರಳುಗಟ್ಟಿದ್ದರೆ ಎಷ್ಟು ವಾಷರ್ ಹಾಕಿದರೂ ಹರಿದುಹೋಗುತ್ತದೆ. ಆ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ ನಯಮಾಡಿದ ಮೇಲೆಯೇ ಹೊಸ ವಾಷರ್. ಪೇಟೆಯದು ಕೈಗೆ ಸಿಗದ ದಿನ ಹಳೆಯ ಸೈಕಲ್ ಟ್ಯೂಬನ್ನು ನಾಲ್ಕಾಣೆ ನಾಣ್ಯದ ಅಳತೆಗೆ ಕತ್ತರಿಸಿ ಎರಡು ಪದರ ಸೇರಿಸುತ್ತಿದ್ದರು. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 86,400 ಹನಿ ಎಂಬ ಲೆಕ್ಕವನ್ನು ಮೊಮ್ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡವೆಂದು ಸಾರಿದಾಗ, ಅದೇ ಲೆಕ್ಕ ಮನೆಯಲ್ಲಿ ಎಲ್ಲರ ಬಾಯಲ್ಲೂ ಬಂದಿತು. ಕೇಳಿ ಸಂತೋಷಪಡಲು ಅವರಿರಲಿಲ್ಲ.

ಅವರ ಒಂದು ಅಭ್ಯಾಸ ಮಾತ್ರ ತಾಯಿಯವರಿಗೆ ಸೇರುತ್ತಿರಲಿಲ್ಲ. ಬಾಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಬಡಿದು ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಡುವುದು. ತುಂಡು ತಂತಿ, ಒಡೆದ ಸ್ವಿಚ್ಚಿನ ತಿರುಪು, ಸೆಣಬಿನ ನಾರು, ಎಲ್ಲವನ್ನೂ ಕಾಪಿಡುವುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಹಿಂದಕ್ಕೆ ಕಳಿಸಿದ ಕಥೆ ನಮ್ಮ ಬಂಧುಗಳಿಗೆಲ್ಲ ಗೊತ್ತು. ತಾಯಿಯವರು ಆ ಬಾಟಲಿಗಳ ಮುಂದೆ ನಿಂತು ಆ ಕಥೆಯನ್ನೇ ಹೇಳುವರು. ತಂದೆಯವರು, ಲಕ್ಕಮ್ಮನವರು ಬೇಡವೆಂದದ್ದು ಆಸೆಯನ್ನು, ಬಿದ್ದದ್ದನ್ನು ಆಯುವುದನ್ನಲ್ಲ ಎನ್ನುವರು. ಈ ವಾದ ವರ್ಷಗಟ್ಟಲೆ ನಡೆಯಿತು, ಇಬ್ಬರೂ ಸೋಲಲಿಲ್ಲ. ಈಗ ಬಾಟಲಿಗಳ ಧೂಳು ಒರೆಸುವವರು ತಾಯಿಯವರೇ.

ನಮ್ಮನ್ನು ನಿಜವಾಗಿ ಕಷ್ಟಕ್ಕೆ ದೂಡಿದ್ದು ಒಂದು ಬಿರುಕು. ಮನೆ ಕಟ್ಟುವಾಗ ನಿವೇಶನದ ಹಿಂಭಾಗ ಇಳಿಜಾರಾಗಿತ್ತು; ಮಣ್ಣು ತುಂಬಿ ಮಟ್ಟ ಮಾಡಿದ್ದೆವು. ಎರಡು ವರ್ಷಕ್ಕೆ ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಕೂದಲೆಳೆಯಂಥ ಗೆರೆ ಕಾಣಿಸಿತು. ತುಂಬಿದ ಮಣ್ಣು ಕುಸಿಯುವಾಗ ಬಿರುಕು ಹೀಗೆಯೇ ಏಳುತ್ತದೆಯಂತೆ. ಇಂಥದ್ದನ್ನು ಕೂಡಲೇ ಮುಚ್ಚಬಾರದು, ಅದು ಇನ್ನೂ ನಡೆಯುತ್ತಿದೆಯೋ ನಿಂತಿದೆಯೋ ಮೊದಲು ತಿಳಿಯಬೇಕು ಎಂದು ಪರಿಚಯದ ಎಂಜಿನಿಯರೊಬ್ಬರು ಹೇಳಿದರು. ದೊಡ್ಡ ಕಟ್ಟಡಗಳಲ್ಲಿ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಕೂರಿಸುತ್ತಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ತಂದೆಯವರು ಪೆನ್ಸಿಲ್ ಹಿಡಿದರು. ಬಿರುಕಿನ ತುದಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು: 14-6-97. ಮುಂದಿನ ವರ್ಷ ಎರಡು ಬೆರಳು ಮೇಲೆ ಇನ್ನೊಂದು. 2006ರ ಗೆರೆಯೇ ಕೊನೆಯದು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ಕನ್ನಡಕ ಹಾಕಿಕೊಂಡು ನೋಡಿ, ವರ್ಷ ಬರೆದು, ಎದುರಿಗೆ ‘ಇಲ್ಲ’ ಎಂದು ಗುರುತು ಮಾಡುತ್ತಿದ್ದರು. ಮುಂದುವರಿದಿಲ್ಲ ಎಂದರ್ಥ. 2007 – ಇಲ್ಲ, 2008 – ಇಲ್ಲ. ಹೀಗೆ 2021ರವರೆಗೆ ಒಂದು ಪಟ್ಟಿ.

2023ರಲ್ಲಿ ಮನೆಯಲ್ಲಿ ಮದುವೆ ನಿಶ್ಚಯವಾಗಿ ಸುಣ್ಣ ಬಣ್ಣಕ್ಕೆ ಜನ ಬಂದರು. ಬಿರುಕಿನೊಳಗೆ ಮಳೆನೀರು ಇಳಿದು ಗಾರೆ ಪೊಳ್ಳಾಗುತ್ತಿದೆ, ಬಿಡಿಸಿ ತುಂಬಲೇಬೇಕು ಎಂದರು ಮೇಸ್ತ್ರಿ. ನಮ್ಮಲ್ಲೇ ಎರಡು ಪಕ್ಷವಾಯಿತು. ಅಣ್ಣನವರು ಆ ಒಂದು ಮೊಳ ಗೋಡೆಯನ್ನು ಮುಟ್ಟಕೂಡದು, ಗಾಜು ಹಾಕಿಸಿ ಉಳಿಸೋಣ ಎಂದರು. ಅಕ್ಕನವರು ಫೋಟೋ ತೆಗೆದಿಟ್ಟುಕೊಂಡರೆ ಸಾಲದೇ ಎಂದರು. ಮಾತು ಸ್ವಲ್ಪ ಬಿರುಸಾಗಿಯೇ ಬೆಳೆಯಿತು. ಕೆಲಸದವರು ಎರಡು ದಿನ ಬೇರೆ ಕೋಣೆಗಳನ್ನು ಕೆರೆಯುತ್ತ ಕಾಲ ಕಳೆದರು. ಮೂರನೆಯ ದಿನ ಲಿಂಗಪೂಜೆ ಮುಗಿಸಿ ಹೊರಬಂದ ತಾಯಿಯವರು ಆ ಗೋಡೆಯ ಮುಂದೆ ಬಂದು ನಿಂತರು.

“ಅದು ನಿಂತಿದೆಯೋ ಇಲ್ಲವೋ ತಿಳಿಯಲಿ ಅಂತ ತಾನೇ ಅವರು ಬರೆದದ್ದು? ನಿಂತು ಹದಿನೇಳು ವರ್ಷವಾಯಿತಲ್ಲ. ಇನ್ನು ಮುಚ್ಚಿಸಿ. ಅಕ್ಷರ ಬೇಕಾದರೆ ಮನೆಯ ಲೆಕ್ಕದ ಪುಸ್ತಕಗಳಲ್ಲಿ ಬೇಕಾದಷ್ಟಿದೆ.”

ಅಣ್ಣನವರು ಎದ್ದು ತಾರಸಿಗೆ ಹೋದರು. ಮೇಸ್ತ್ರಿ ಉಳಿಯಿಂದ ಬಿರುಕನ್ನು ಅಗಲಿಸಿ, ನೀರು ಹೊಡೆದು, ತಂತಿಯ ಜಾಲರಿ ಕೂರಿಸಿ ಗಾರೆ ತುಂಬಿದರು. ಗಾರೆ ಗಟ್ಟಿಯಾಗಲು ಒಂದು ವಾರ ನೀರು ಕುಡಿಸಬೇಕು. ಆ ಏಳು ದಿನವೂ ಬೆಳಿಗ್ಗೆ ಸಂಜೆ ಚೊಂಬಿನಲ್ಲಿ ನೀರು ತಂದು ಗೋಡೆಗೆ ಚಿಮುಕಿಸಿದವರು ತಾಯಿಯವರು. ಮಂಡಿನೋವೆಂದು ಬೇರೆ ಕೆಲಸಗಳನ್ನು ಬಿಟ್ಟಿದ್ದವರು ಇದನ್ನು ಮಾತ್ರ ಯಾರಿಗೂ ಬಿಡಲಿಲ್ಲ. ಈಗ ಅಲ್ಲಿ ಬಿರುಕಿತ್ತೆಂದು ಹೇಳಿದರೂ ಯಾರೂ ನಂಬರು.

ಕೆಲಸದವರ ವಿಷಯದಲ್ಲಿ ತಂದೆಯವರದು ಎರಡು ನಿಯಮ. ದೀಪ ಹಚ್ಚುವ ಮೊದಲು ಕೂಲಿ ಅವರ ಕೈ ಸೇರಬೇಕು. ಮಧ್ಯಾಹ್ನದ ಪ್ರಸಾದ ಮನೆಯವರ ಪಂಕ್ತಿಯಲ್ಲೇ ಆಗಬೇಕು. ಕಾಯಕ ಮಾಡಿ ಬಂದವರನ್ನು ಹೊರಗೆ ಕೂರಿಸಿ ದಾಸೋಹವೆಂದರೆ ಅರ್ಥವೇನು ಎಂದು ಒಮ್ಮೆ ಬಂಧುಗಳೊಬ್ಬರ ಮೇಲೆ ರೇಗಿದ್ದುಂಟು. ಈಗ ಕೂಲಿ ಮೊಬೈಲಿನಲ್ಲೇ ಹೋಗುತ್ತದೆ. ಪಂಕ್ತಿ ಮಾತ್ರ ತಪ್ಪಿಲ್ಲ. ಆ ಮೇಸ್ತ್ರಿ ನಮ್ಮ ತಾಯಿಯವರ ಕೈಯ ಹುರುಳಿಕಾಳಿನ ಸಾರನ್ನು ಇಂದಿಗೂ ಹೊಗಳುತ್ತಾರೆ.

ಇನ್ನು ಉಳಿದಿರುವುದು ಮುಂಬಾಗಿಲು. ಮತ್ತಿ ಮರದ್ದು. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಆಷಾಢ ಬಂತೆಂದರೆ ಚೌಕಟ್ಟಿಗೆ ಬಿಗಿದು ಕೂರುತ್ತದೆ. ಮಳೆಗಾಲದಲ್ಲಿ ಹತ್ತರಿ ಹಿಡಿಸಬೇಡಿ, ಬೇಸಿಗೆಯಲ್ಲಿ ಅದು ಕುಗ್ಗಿದಾಗ ಹಲ್ಲಿ ನುಗ್ಗುವಷ್ಟು ಸಂದು ಬೀಳುತ್ತದೆ ಎಂಬುದು ತಂದೆಯವರ ಮಾತು. ಕಳೆದ ಮಳೆಗಾಲದಲ್ಲಿ ಅಳಿಯಂದಿರು ಇದನ್ನರಿಯದೆ ಬಡಗಿಯನ್ನು ಕರೆಸಿದ್ದರು. ತಾಯಿಯವರು ಅವರಿಗೆ ಕಾಫಿ ಕೊಟ್ಟು, ಬಂದುಹೋಗುವ ಖರ್ಚನ್ನೂ ಕೊಟ್ಟು, ಶಿವರಾತ್ರಿ ಕಳೆದ ಮೇಲೆ ಬನ್ನಿ ಎಂದು ಕಳಿಸಿದರು. ಅಲ್ಲಿಯವರೆಗೆ ಬಾಗಿಲಿನ ಅಂಚಿಗೆ ಮೇಣದ ಬತ್ತಿ ಉಜ್ಜಿಕೊಂಡು ದಿನ ಕಳೆದೆವು. ಭುಜ ಕೊಟ್ಟು ದೂಡಿದರೆ ತೆರೆಯುತ್ತಿತ್ತು.